ಬುಟ್ಟಿಯ ಕಣ್ಣು

ಸ್ಟೇಟ್‌ಬ್ಯಾಂಕಿನ ಮೀನು ಮಾರುಕಟ್ಟೆಯ ಹಿಂದೆ
ಮತ್ತಡಿ ಬುಟ್ಟಿ ಹೆಣೆಯುತ್ತಿದ್ದಳು.
ಬಂಗುಡೆಗೆಂದು ಹೋದವಳು ನಾನು,
ಚೀಲ ಮರೆತಿದ್ದೆ.

ಕಾಲಬೆರಳಲ್ಲಿ ಒಂದು ಬೂರು ಒತ್ತಿ ಹಿಡಿದು
ಎರಡನೆಯದನ್ನು ಓರೆಯಾಗಿ ಹಾಯಿಸಿ
ಮೂರನೆಯದನ್ನು ಮೇಲೊಮ್ಮೆ ಕೆಳಗೊಮ್ಮೆ ನುಗ್ಗಿಸಿದಾಗ
ನಡುವೆ ತೆರೆಯಿತು ಆರು ಮೂಲೆಯ ಕಣ್ಣು,
ಸುತ್ತ ಆರು ಪುಟ್ಟ ತ್ರಿಕೋನ.
ಒಂಬತ್ತು ವರ್ಷದಿಂದ ನಾನು
ಕಣ್ಣಿಗೆ ಕಾಣದೆಯೇ ನೋಡುತ್ತಿದ್ದದ್ದು
ಇದನ್ನೇ.

ಕೊಣಾಜೆ ಗುಡ್ಡದ ಮೇಲೆ, ನೆಲಮಾಳಿಗೆಯ ಕುಲುಮೆಯಲ್ಲಿ
ನಾವು ಮ್ಯಾಂಗನೀಸನ್ನು ತವರದಲ್ಲಿ ಕರಗಿಸುತ್ತೇವೆ.
ತವರವೆಂದರೆ, ಅಜ್ಜಿಯ ಹಿತ್ತಾಳೆ ಪಾತ್ರೆಗೆ
ಬಂದರಿನ ಕಲಾಯಿ ಸಾಯ್ಬರು ಬಳಿಯುತ್ತಿದ್ದ ಅದೇ ಬಿಳಿ ಹೊಳಪು.
ಖರೀದಿ ಚೀಟಿಯಲ್ಲಿ ಸೆವ್ರಿನ್ ಒಮ್ಮೆ
‘ತವರು, ಐನೂರು ಗ್ರಾಂ’ ಎಂದು ಬರೆದಿದ್ದಳು.
ಹನ್ನೆರಡು ದಿನ ತಣಿದ ಮೇಲೆ ಸಿಗುವುದು
ಎಳ್ಳಿನಷ್ಟು ಹರಳು.

ಅದರೊಳಗೆ ಪದರ ಪದರವಾಗಿ ಈ ಹೆಣಿಗೆ.
ಮೂಲೆಗೊಂದು ಪರಮಾಣು, ಪರಮಾಣುವಿಗೊಂದು ಸೂಜಿ,
ಸೂಜಿಗೊಂದು ಹಟ: ನೆರೆಯವನಿಗೆ ಬೆನ್ನು ಹಾಕಬೇಕು.
ಇಬ್ಬರಾದರೆ ಸಲೀಸು. ಒಬ್ಬ ಬಡಗು, ಒಬ್ಬ ತೆಂಕು.
ಮೂರನೆಯವನು ಮಾತ್ರ ಯಾರಿಗೆ ಬೆನ್ನು ಹಾಕಿದರೂ
ಇನ್ನೊಬ್ಬನ ಹೆಗಲಿಗೆ ಹೆಗಲಾಗುತ್ತಾನೆ.

ಅಪ್ಪ ಮತ್ತು ಇಬ್ಬರು ದೊಡ್ಡಪ್ಪಂದಿರ ನಡುವೆ
ಹಂಚಿನ ಕಾರ್ಖಾನೆ ಪಾಲಾದ ವರ್ಷ
ಈ ಲೆಕ್ಕ ಮೊದಲು ಕಲಿತೆ.
ಕೊನೆಗೆ ಅತ್ತೆಯ ಮಗಳ ಮದುವೆಯಲ್ಲಿ ಮೂವರೂ ಒಟ್ಟಿಗೆ ಉಂಡರು,
ಯಾರ ಮುಖವನ್ನೂ ಪೂರಾ ನೋಡದೆ,
ಯಾರಿಗೂ ಪೂರಾ ಬೆನ್ನು ಕೊಡದೆ.
ಸೂಜಿಗಳೂ ಹಾಗೆಯೇ. ನೂರಿಪ್ಪತ್ತು ಡಿಗ್ರಿ.

ಕೂಡಿದರೆ ಸೊನ್ನೆ, ಹೆಚ್ಚುಕಮ್ಮಿ.
ಈ ಹರಳು ಗುಂಡುಸೂಜಿಯನ್ನೂ ಎತ್ತದು,
ದಿಕ್ಸೂಚಿಯ ಪಕ್ಕ ಹಿಡಿದರೆ ಮುಳ್ಳು ಮಿಸುಕದು.
‘ಇದು ಅಯಸ್ಕಾಂತವೇ ಅಲ್ಲವಲ್ಲ, ಮೇಡಂ?’
ಎಂದಿದ್ದರು ಹಣ ಕೊಡುವ ಸಮಿತಿಯ ಒಬ್ಬರು,
ಗೋಳಿಬಜೆ ಚಟ್ನಿಗೆ ಅದ್ದುತ್ತ.

ಆದರೆ ಒಮ್ಮೆ ವಿದ್ಯುತ್ತು ಹರಿಸಿ ನೋಡಿ.
ನೇರ ಹೊರಟ ಎಲೆಕ್ಟ್ರಾನು ಬದಿಗೆ ವಾಲುತ್ತದೆ,
ಗಾಳಿಯಿಲ್ಲದ ಹೊತ್ತಲ್ಲೂ ಅಳಿವೆಬಾಗಿಲಲ್ಲಿ
ದೋಣಿ ತಾನಾಗಿ ಪಕ್ಕಕ್ಕೆ ಸರಿಯುವ ಹಾಗೆ.
ನೀರ ಮೇಲೆ ಏನೂ ಕಾಣದು. ಸುಳಿ ಇರುವುದು ಅಡಿಯಲ್ಲಿ.
ಆ ಸುಳಿಗಳು ಹುಟ್ಟುವುದು ಜೋಡಿಯಾಗಿ.
ಹರಳನ್ನು ಹಿಂಡಿ, ಕಾಯಿಸಿ, ತುಸು ಕಲಬೆರಕೆ ಮಾಡಿ,
ಜಾಗ ಬದಲಿಸುತ್ತವೆ, ಅಳಿಯುವುದಿಲ್ಲ,
ಎದುರು ತಿರುಗುವ ಜೊತೆಗಾರ ಬಂದು ತಬ್ಬುವ ತನಕ.

ಮಾರ್ಚಿನ ಒಂದು ರಾತ್ರಿ ಎರಡೂವರೆಗೆ,
ಕರೆಂಟು ಹೋಗುವ ನಾಲ್ಕು ನಿಮಿಷ ಮುಂಚೆ,
ಪರದೆಯ ಮೇಲೆ ಮೂಡಿದ ಓರೆ ಗೆರೆ
ಹಸನಬ್ಬನ ಮೊಬೈಲಿನಲ್ಲಿ ಇನ್ನೂ ಇದೆ,
ಮಗಳ ಫೋಟೋ ಇದ್ದ ಜಾಗದಲ್ಲಿ.

‘ಜಪಾನಿನವರು ಈ ಹೆಣಿಗೆಗೆ ಕಾಗೊಮೆ ಅಂತಾರೆ,’
ಮತ್ತಡಿಗೆ ಹೇಳಿದೆ, ‘ಅಂದರೆ ಬುಟ್ಟಿಯ ಕಣ್ಣು.’
‘ಮತ್ತೆ? ಕಣ್ಣಲ್ಲದೆ ಮೂಗು ಅಂತಾರೆಯೇ?’ ಎಂದಳು.
ಎರಡೇ ಬೂರಲ್ಲಿ ಹೆಣೆದರೆ ಆಗದೇ?
‘ರಡ್ಡ್ ಬೂರುಡು ಉಂತುಜಿ.’
ಎರಡಾದರೆ ಜಾರುತ್ತದಂತೆ, ಮೂರನೆಯದು ಬಂದು
ಜಗಳ ತೆಗೆದರೇ ನಿಲ್ಲುವುದಂತೆ.
‘ನಿಮ್ಮದರಲ್ಲಿ ಎಷ್ಟು ಬಂಗುಡೆ ಹಿಡಿಯುತ್ತದೆ?’
ಒಂದೂ ಇಲ್ಲ, ಎಂದೆ.
ಅವಳು ಅಯ್ಯೋ ಅನ್ನಲಿಲ್ಲ, ಪುಣ್ಯ.

ಬುಟ್ಟಿಗೆ ಮುನ್ನೂರು.
ಬಾಯಿಗೆ ಅಭ್ಯಾಸ, ಇನ್ನೂರೈವತ್ತು ಅಂದುಬಿಟ್ಟೆ.
ಮುಖವನ್ನೂ ಕೊಡದೆ, ಬೆನ್ನನ್ನೂ ಹಾಕದೆ
ಮತ್ತಡಿ ಇನ್ನೊಂದು ಬೂರು ಸೀಳಿದಳು.
ಮುನ್ನೂರು ಕೊಟ್ಟೆ.

ಕೊಣಾಜೆ ಬಸ್ಸಿನಲ್ಲಿ ಕಣ್ಣುಕಣ್ಣಿಂದ
ಮಂಜುಗಡ್ಡೆಯ ನೀರು ನನ್ನ ಪಾದಕ್ಕೆ ತೊಟ್ಟಿಕ್ಕಿತು.
ಕಂಡಕ್ಟರು ಬೈದ.
ನಾನು ತ್ರಿಕೋನ ಎಣಿಸುತ್ತಿದ್ದೆ,
ತೊಕ್ಕೊಟ್ಟು ಬರುವಾಗ ನಲವತ್ತೊಂದು.